ಕೆಂಪು ಗುಂಡಿ ಇಲ್ಲದ ಫೋನು

ನಮ್ಮೂರಿನಲ್ಲಿ ಎಲ್ಲರ ಕೈಯಲ್ಲೂ ಇರುವುದು ಒಂದೇ ಫೋನು. ನೀಲಿ ಬಣ್ಣದ್ದು, ಅಂಗೈಗಿಂತ ಒಂದು ಬೆರಳು ಉದ್ದ. ಬೇರೆ ಊರಿನಿಂದ ನೆಂಟರು ಬಂದರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಅದಿಲ್ಲವಾ, ಇದಿಲ್ಲವಾ ಎಂದು ಕೇಳುತ್ತಾರೆ. ಇಲ್ಲ ಸ್ವಾಮಿ, ಇಲ್ಲ. ಅಲಾರಂ ಇಲ್ಲ, ನಮ್ಮ ಯಜಮಾನರ ಹಿಟ್ಟಿನ ಗಿರಣಿ ಬೆಳಿಗ್ಗೆ ಆರಕ್ಕೆ ಶುರುವಾದರೆ ಇಡೀ ಪೇಟೆ ಎದ್ದು ಕೂರುತ್ತದೆ. ಕರೆ ಮಾಡುತ್ತಿರುವವರು ಯಾರೆಂದು ತೋರಿಸುವುದಿಲ್ಲ. ಎತ್ತಿ, ಯಾರು ಅಂತ ಕೇಳಬೇಕು, ಬಾಯಿ ಇರುವುದು ಅದಕ್ಕೇ ತಾನೆ. ಫೋಟೋ ತೆಗೆಯುತ್ತದೆ, ಆದರೆ ದೊಡ್ಡದು ಮಾಡಿ ನೋಡಲು ಬರುವುದಿಲ್ಲ. ಅದರಿಂದ ನಮ್ಮೂರಿನ ಎಷ್ಟೋ ಸಂಬಂಧಗಳು ಸರಾಗವಾಗಿ ಕುದುರಿವೆ. ಇವಕ್ಕೆಲ್ಲ ನಾವು ಎಂದೋ ಒಗ್ಗಿಹೋಗಿದ್ದೇವೆ.

ಒಗ್ಗುವುದು ಕಷ್ಟವಾದದ್ದು ಕೆಂಪು ಗುಂಡಿಯ ವಿಷಯಕ್ಕೆ. ಕರೆ ಮುಗಿಸುವ ಕೆಂಪು ಗುಂಡಿ ಎತ್ತಿದವರ ಫೋನಿನಲ್ಲಿ ಮಾತ್ರ ಮೂಡುತ್ತದೆ. ಮಾಡಿದವರ ಫೋನಿನಲ್ಲಿ ಆ ಜಾಗ ಬರೀ ಖಾಲಿ. ನೀವು ಯಾರಿಗಾದರೂ ಕರೆ ಮಾಡಿದಿರೋ, ಅವರು ಬಿಡುವವರೆಗೆ ನೀವು ಅವರ ಕೈಯಲ್ಲಿ. ಅಷ್ಟು ದಿನ ಇನ್ನೊಬ್ಬರಿಗೆ ಮಾಡುವ ಹಾಗಿಲ್ಲ, ಇನ್ನೊಬ್ಬರದು ನಿಮಗೆ ಬರುವ ಹಾಗಿಲ್ಲ. ಚಾರ್ಜು ಮುಗಿಯುತ್ತದಲ್ಲ ಎಂದು ಕೇಳಬೇಡಿ. ಕರೆ ತೆರೆದಿರುವಷ್ಟು ದಿನ ಮುಗಿಯುವುದಿಲ್ಲ. ಮೂರು ವರ್ಷದ ಕೆಳಗೆ ಎಣ್ಣೆ ಅಂಗಡಿಯ ಭೋಗಣ್ಣ, ಸೋದರಮಾವ ತನ್ನನ್ನು ಬಿಡಲಿಲ್ಲವೆಂದು ಸಿಟ್ಟಿಗೆದ್ದು ಫೋನನ್ನು ಬಾವಿಗೆ ಎಸೆದ. ಹೊಸದು ತಂದು ಪೊಟ್ಟಣ ಬಿಚ್ಚಿದರೆ ಅದರೊಳಗೂ ಸೋದರಮಾವನೇ ಕೆಮ್ಮುತ್ತಿದ್ದರು.

ಹಾಗಾಗಿ ನಮ್ಮಲ್ಲಿ ಕರೆ ಮಾಡುವವನು ಚಿಕ್ಕವನು, ಎತ್ತುವವನು ದೊಡ್ಡವನು. ಮಾನವಂತರು ಮಾತು ಮುಗಿದ ಕೂಡಲೇ 'ಬಿಡ್ಲಾ?' ಎಂದು ಕೇಳಿ ಬಿಡುತ್ತಾರೆ. ಗಂಡಿನ ಕಡೆಯವರು ಕರೆದರೆ ಹೆಣ್ಣಿನ ಕಡೆಯವರು ಕಾಲು ಗಂಟೆ ಹಾಗೇ ಇಟ್ಟುಕೊಂಡು ತಮ್ಮ ಬೆಲೆ ತೋರಿಸಿಕೊಳ್ಳುವುದುಂಟು. ಹಗೆ ಇದ್ದವರು ದಿನಗಟ್ಟಲೆ ಬಿಡದೆ ಸತಾಯಿಸುತ್ತಾರೆ. ಅದಕ್ಕೆ ಕಟ್ಟಿಹಾಕುವುದು ಎನ್ನುತ್ತಾರೆ. ಕಟ್ಟಿಗೆ ಬಿದ್ದವರು ಬಿಡಿ ಎಂದು ಅವರ ಬಾಗಿಲಿಗೆ ಹೋಗಿ ನಿಂತರೆ ಮುಗಿಯಿತು, ಊರೆಲ್ಲ ಆಡಿಕೊಂಡು ನಗುತ್ತದೆ. ಯಾರೆಂದು ಹೇಳದ ಮೂಗರ ಕರೆ ಬಂದರೆ ಮಾತ್ರ ಮೂರು ಎಣಿಸುವುದರೊಳಗೆ ಬಿಟ್ಟುಬಿಡುತ್ತಾರೆ. ಗುರುತಿಲ್ಲದವರ ಕಿವಿಯನ್ನು ಯಾರು ತಾನೇ ಮನೆಯೊಳಗೆ ಇಟ್ಟುಕೊಂಡಾರು?

ಈಗ ನನ್ನ ವಿಷಯ. ನಾನು ಸರ್ವಮಂಗಳ, ಕೆಳಪೇಟೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ನನಗೊಬ್ಬಳೇ ತಂಗಿ, ಚಂಪಕ. ಹೊಳೆಯಾಚೆ ಮೇಲ್ಪೇಟೆಯಲ್ಲಿ ಮನೆ. ನಡೆದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ನಾನು ಎರಡು ವರ್ಷ ನಡೆದಿರಲಿಲ್ಲ.

ಅವಳ ಮಗಳು ಮಯೂರಿಯ ಮದುವೆಯಲ್ಲಿ ಆದದ್ದು ಅದು. ಹೆಣ್ಣಿನ ರವಿಕೆಯನ್ನು ನನಗೆ ಕೊಡದೆ ಗಾಜಿನ ಬಾಗಿಲಿನ ಅಂಗಡಿಗೆ ಕೊಟ್ಟಿದ್ದಳು. ನನಗೆ ಕಣ್ಣಿನ ಪೊರೆ ತೆಗೆಸಿ ಆಗಿನ್ನೂ ತಿಂಗಳಾಗಿತ್ತು, ಮಣಿ ಕೂರಿಸುವ ಕೆಲಸ ನನ್ನಿಂದ ಆಗುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೂ ಒಂದು ಮಾತು ಕೇಳಬಹುದಿತ್ತಲ್ಲ. ಊಟದ ಪಂಕ್ತಿಯಲ್ಲಿ ಗಂಡಿನ ತಾಯಿ ನನ್ನ ಪಕ್ಕದಲ್ಲೇ ಕೂತು, ರವಿಕೆ ತುಂಬ ಚೆನ್ನಾಗಿದೆ, ನೀವೇ ಹೊಲಿದಿದ್ದಾ ಎಂದರು. ನನ್ನ ನಾಲಿಗೆಗೆ ಎಲುಬಿಲ್ಲ. "ನಮ್ಮ ಹೊಲಿಗೆ ನನ್ನ ತಂಗಿಗೆ ಈಗೆಲ್ಲಿ ಹಿಡಿಸುತ್ತೆ," ಅಂದೆ, "ಮದುವೆ ಆಗೋ ತನಕ ನನ್ನ ಹಳೇ ಲಂಗ ಹಾಕ್ಕೊಂಡು ಬೆಳೆದವಳು." ಬೀಗರ ಕಡೆಯ ಹೆಂಗಸರು ತಲೆ ತಗ್ಗಿಸಿ ನಕ್ಕರು. ಚಂಪಿ ಎದುರಿಗೇ ಪಾಯಸದ ಬಕೆಟ್ಟು ಹಿಡಿದು ನಿಂತಿದ್ದಳು. ನನ್ನ ಎಲೆಗೆ ಒಂದು ಸೌಟು ಬಡಿಸಿದಳು, ಮುಂದಿನ ಎಲೆಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ.

ಯಾರಾದರೊಬ್ಬರು ಕರೆ ಮಾಡಿದ್ದರೆ ಮುಗಿಯುತ್ತಿತ್ತು. ನಾನು ದೊಡ್ಡವಳು, ಅವಳೇ ಮಾಡಲಿ ಎಂದು ನಾನು ಕೂತೆ. ನೋಯಿಸಿದವಳು ಅಕ್ಕ, ಅವಳೇ ಮಾಡಲಿ ಎಂದು ಅವಳು ಕೂತಿದ್ದಿರಬೇಕು. ಬೇರೆ ಊರಿನಲ್ಲಾಗಿದ್ದರೆ ಕುಡಿದಾಗಲೋ ಅತ್ತಾಗಲೋ ಯಾರಾದರೂ ಗುಂಡಿ ಒತ್ತಿ, ಹೆದರಿ, ಕತ್ತರಿಸಿ, ಮತ್ತೆ ಒತ್ತಿ, ಹೇಗೋ ರಾಜಿಯಾಗುತ್ತಾರಂತೆ. ನಮ್ಮೂರಲ್ಲಿ ಹಾಗೆ ಕೈ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಹಾಗಿರುವಾಗ ಒಂದು ಸೋಮವಾರ, ರವಿಕೆಗೆ ಕಾಜಾ ಹಾಕಿಸಲು ಬಂದ ಗಿರಾಕಿ ಜಲಜಾಕ್ಷಮ್ಮ ಸುದ್ದಿ ತಂದರು. ಚಂಪಿಯ ಗಂಡ ಪರಶಿವಪ್ಪನವರು ಮೇಸ್ತ್ರಿಯಾಗಿರುವ ಸೋಪಿನ ಕಾರ್ಖಾನೆ ಕಲ್ಲುಕಣಿವೆಯಾಚೆಗೆ ಎದ್ದು ಹೋಗುತ್ತಿದೆ. ಶುಕ್ರವಾರ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಮನೆ ಖಾಲಿ ಮಾಡಿಕೊಂಡು ಹೊರಡುತ್ತಾರಂತೆ. ಕಲ್ಲುಕಣಿವೆ ದಾಟಿದರೆ ನಮ್ಮ ಫೋನು ಬರೀ ನೀಲಿ ಬಿಲ್ಲೆ, ಅದು ಎಲ್ಲರಿಗೂ ಗೊತ್ತಿರುವುದೇ. ಅತ್ತ ಹೋದವರು ಅಲ್ಲಿನ ಫೋನು ಕೊಳ್ಳುತ್ತಾರೆ, ಇಲ್ಲಿನ ನಂಬರು ಮರೆಯುತ್ತಾರೆ. ಆ ದಿನ ಎರಡು ತೋಳುಗಳನ್ನೂ ಎಡಗಡೆಗೇ ಕತ್ತರಿಸಿ ಒಂದು ಬಟ್ಟೆ ಹಾಳು ಮಾಡಿದೆ.

ಮಂಗಳವಾರ ಮಧ್ಯಾಹ್ನ ಅವಳಿಗೆ ಕರೆ ಮಾಡಿದೆ. ಏನು ಹೇಳಬೇಕೆಂದು ಎರಡು ಸಲ ಬಾಯಿಪಾಠ ಮಾಡಿಕೊಂಡೇ ಕೂತಿದ್ದೆ. ನಾಲ್ಕನೇ ರಿಂಗಿಗೆ ಎತ್ತಿದಳು. ಯಾರು ಎಂದಳು. ಎರಡು ವರ್ಷದ ಮೇಲೆ ಅವಳ ದನಿ ಕೇಳಿದೆ, ಸ್ವಲ್ಪ ಒಡೆದಿತ್ತು. ನನ್ನ ಬಾಯಿಪಾಠವೆಲ್ಲ ಮರೆತೇಹೋಯಿತು. ಯಾರು ಅಂತ ಹೇಳಿ ಎಂದು ಮತ್ತೆ ಕೇಳಿದಳು. ನಾನು ಹೇಳಲಿಲ್ಲ. ಬಿಡುತ್ತಾಳೆ, ಇನ್ನೇನು ಬಿಟ್ಟಳು ಎಂದು ಕಾದೆ. ಸ್ವಲ್ಪ ಹೊತ್ತಾದ ಮೇಲೆ ಫೋನನ್ನು ಮರದ ಮೇಜಿನ ಮೇಲೆ ಇಟ್ಟ ಸದ್ದು ಬಂತು, ಆಮೇಲೆ ಪಾತ್ರೆಯ ಸದ್ದು, ನೀರು ಬಿದ್ದ ಸದ್ದು. ಬಿಟ್ಟಿರಲಿಲ್ಲ.

ಸಂಜೆಯವರೆಗೆ ನೋಡಿದೆ. ಯಜಮಾನರು ಮೈಯೆಲ್ಲ ಹಿಟ್ಟು ಮಾಡಿಕೊಂಡು ಗಿರಣಿಯಿಂದ ಬಂದಾಗ ಫೋನನ್ನು ಅಕ್ಕಿ ಡಬ್ಬಿಯೊಳಗಿಟ್ಟು, ಮೇಲೆ ಟವೆಲ್ಲು ಮುಚ್ಚಿ, ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ಕಟ್ಟಿಹಾಕಿದಳು ಕಣ್ರೀ, ಹೆತ್ತ ತಾಯಿ ಥರ ಎತ್ತಿ ಆಡಿಸಿದ ಅಕ್ಕನನ್ನು ಕಟ್ಟಿಹಾಕಿದಳು ಎಂದೆ. ನೀನು ಅಂತ ಅವಳಿಗೆ ಗೊತ್ತಾಗಿದೆಯಾ ಎಂದು ಅವರು ಕೇಳಿದರು. ಗೊತ್ತಾಗದಿದ್ದರೆ ಮೂರು ಎಣಿಸುವುದರೊಳಗೆ ಬಿಡುತ್ತಿರಲಿಲ್ಲವಾ, ಗೊತ್ತಾಗಿಯೇ ಮಾಡಿದ್ದಾಳೆ ಎಂದೆ. ನಾನು ಬಾಯಿ ಬಿಡಲಿಲ್ಲ ಎಂಬುದನ್ನು ಮಾತ್ರ ಅವರಿಗೂ ಹೇಳಲಿಲ್ಲ.

ಕಟ್ಟಿನಲ್ಲಿರುವ ಮನೆಯಲ್ಲಿ ಬದುಕುವುದೇ ಒಂದು ಶಿಕ್ಷೆ. ನಮಗೆ ಅವರದೆಲ್ಲ ಕೇಳುವಂತೆ ಅವರಿಗೂ ನಮ್ಮದೆಲ್ಲ ಕೇಳುತ್ತದಲ್ಲ. ಗಂಡ ಹೆಂಡತಿ ಜಗಳವಾಡುವ ಹಾಗಿಲ್ಲ, ಜೋರಾಗಿ ತೇಗುವ ಹಾಗಿಲ್ಲ. ನಮ್ಮ ಯಜಮಾನರು ಮೂವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಅಡಿಗೆಯನ್ನು ಹೊಗಳಿದವರಲ್ಲ. ಬುಧವಾರ ಬೆಳಿಗ್ಗೆ ಅಕ್ಕಿ ಡಬ್ಬಿಯ ಕಡೆ ಮುಖ ಮಾಡಿ, ಆಹಾ, ಉಪ್ಪಿಟ್ಟು ಎಂದರೆ ಇದು ಎಂದು ಗಟ್ಟಿಯಾಗಿ ಹೇಳಿದರು. ಉಪ್ಪು ಹಾಕುವುದನ್ನೇ ಮರೆತಿದ್ದೆ. ಗಿರಾಕಿಗಳು ಬಂದರೆ ಬೆರಳಿನಿಂದ ಡಬ್ಬಿ ತೋರಿಸುತ್ತಿದ್ದೆ. ಅವರು ಕಣ್ಣರಳಿಸಿ, ಅಳತೆಯನ್ನೂ ಕೈಸನ್ನೆಯಲ್ಲೇ ಹೇಳಿ ಹೋಗುತ್ತಿದ್ದರು.

ಡಬ್ಬಿಯಲ್ಲಿಟ್ಟರೆ ನೆಮ್ಮದಿಯೇ? ಅದೂ ಇಲ್ಲ. ನಾಲ್ಕು ಹೊಲಿಗೆ ಹಾಕುವುದು, ಎದ್ದು ಹೋಗಿ ಟವೆಲ್ಲು ಸರಿಸಿ ಕಿವಿ ಕೊಡುವುದು. ಬಾಬಿನ್ನಿಗೆ ದಾರ ಸುತ್ತುವುದು, ಮತ್ತೆ ಎದ್ದು ಹೋಗುವುದು. ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಷಿನ್ನಿಗೂ ಡಬ್ಬಿಗೂ ಓಡಾಡಿದೆ. ಅಲ್ಲಿ ಅವಳು ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಮಂಚ ಬಿಚ್ಚುವ ಸುತ್ತಿಗೆಯ ಸದ್ದು. ಪಕ್ಕದ ಮನೆಯವಳು ಬಂದು ಒಗ್ಗರಣೆ ಸೌಟು ಕೇಳಿ ಇಸಿದುಕೊಂಡು ಹೋದಳು. ಚಂಪಿ ಕೆಮ್ಮಿದಳು, ಸೀನಿದಳು, ಒಮ್ಮೆ ಯಾವುದಕ್ಕೋ ನಕ್ಕಳು. ಆ ನಗು ಕೇಳಿ ನನಗೆ ಸಿಟ್ಟೇ ಬಂತು. ನನ್ನನ್ನು ಇಲ್ಲಿ ಕಟ್ಟಿಹಾಕಿ ಅಲ್ಲಿ ನಗುತ್ತಾಳಲ್ಲ. ಐದು ನಿಮಿಷ ಆ ಕಡೆ ಸದ್ದೇ ಇಲ್ಲವಾದರೆ ಸಿಟ್ಟು ಇಳಿದು ದಿಗಿಲು ಹತ್ತುತ್ತಿತ್ತು, ಹೊರಟೇಹೋದಳಾ ಎಂದು.

ಬುಧವಾರ ಸಂಜೆ ಫೋನನ್ನು ಸೀರೆಯಲ್ಲಿ ಸುತ್ತಿ, ಬುಡೇನ್ ಸಾಬರ ಅಂಗಡಿಗೆ ಹೋದೆ. ಊರಿನ ಫೋನುಗಳನ್ನೆಲ್ಲ ಮಾರುವವರೂ ಅವರೇ, ರಿಪೇರಿ ಮಾಡುವವರೂ ಅವರೇ. ಕಟ್ಟಿಗೆ ಬಿದ್ದವರು ಬಂದು ಕೂರಲೆಂದೇ ಅಂಗಡಿ ಮುಂದೆ ಒಂದು ಬೆಂಚು ಹಾಕಿದ್ದಾರೆ. ಫೋನನ್ನು ಬೆಂಚಿನ ಮೇಲಿಟ್ಟು, ಅವರನ್ನು ರಸ್ತೆಯಾಚೆಗೆ ಕರೆದು, ಏನಾದರೂ ಮಾಡಿ ಒಂದು ಕೆಂಪು ಗುಂಡಿ ಕೂರಿಸಿಕೊಡಿ ಸಾಬ್ರೇ ಎಂದು ಬೇಡಿಕೊಂಡೆ. ಅವರು ಗಡ್ಡ ಕೆರೆದುಕೊಂಡರು. ಆ ಜಾಗದಲ್ಲಿ ಕೂರಿಸಲು ಏನೂ ಇಲ್ಲವಮ್ಮ, ಒಳಗಡೆ ತಂತಿಯೇ ಬಂದಿಲ್ಲ, ಇಪ್ಪತ್ತು ವರ್ಷದಿಂದ ಬಿಚ್ಚಿ ನೋಡುತ್ತಿದ್ದೇನೆ ಎಂದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು:

"ಮಂಗಳಮ್ಮಾ, ಯಾವ ವಿಷಯಕ್ಕೆ ಫೋನ್ ಮಾಡಿದ್ರೋ ಅದನ್ನ ಹೇಳಿ ಆಯ್ತಾ?"

"ಆಯ್ತು," ಅಂದೆ.

"ಆಗಿದ್ರೆ ಬಿಡ್ತಿದ್ರಲ್ಲಮ್ಮ," ಎಂದು ಹೇಳಿ ಅವರು ತಮ್ಮ ಸ್ಟೂಲಿಗೆ ಹೋಗಿ ಕೂತರು. ನನಗೆ ಮೈ ಉರಿದುಹೋಯಿತು. ಮನೆಗೆ ಬರುವವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಗುರುವಾರ ಮಧ್ಯಾಹ್ನ ನಾನು ಒಬ್ಬಳೇ ಇದ್ದೆ. ಹುಕ್ಸು ಹಚ್ಚುವ ಕೆಲಸ, ಮೆಷಿನ್ನಿನ ಸದ್ದಿಲ್ಲ, ಅದಕ್ಕೆ ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಆ ಕಡೆ ಪರಶಿವಪ್ಪನವರು ಕೊನೆಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಫೋನು ಅವರ ಕಣ್ಣಿಗೆ ಬಿತ್ತೆಂದು ಕಾಣುತ್ತದೆ. ಇದೇನೇ, ಮೂರು ದಿನದಿಂದ ಯಾವುದೋ ಕರೆ ಹೀಗೇ ತೆರೆದು ಬಿದ್ದಿದೆಯಲ್ಲ, ಬಿಟ್ಟುಬಿಡಲಾ ಎಂದರು. ಚಂಪಿ ಓಡಿ ಬಂದ ಸದ್ದು ಕೇಳಿತು. ಅವಳು ಮಾತಾಡಿದ್ದು ಫೋನಿನ ಪಕ್ಕದಲ್ಲೇ ನಿಂತು. ಒಂದೊಂದು ಅಕ್ಷರವೂ ಕೇಳಿಸಿತು.

"ಮುಟ್ಟಬೇಡಿ ಅದನ್ನ. ಅಕ್ಕ ಇದ್ದಾಳೆ ಅದರಲ್ಲಿ."

"ನಿಮ್ಮಕ್ಕನಾ? ಅವರೇ ಅಂತ ಹೇಳಿದ್ರಾ?"

"ಅವಳು ಬಾಯೇ ಬಿಟ್ಟಿಲ್ಲ. ಮಾತಾಡದೆ ಇಷ್ಟು ಹೊತ್ತು ಕೂರೋ ಹಟ ಊರಲ್ಲಿ ಇನ್ಯಾರಿಗಿದೆ? ಏನೋ ಹೇಳಬೇಕು ಅಂತಲೇ ಮಾಡಿದಾಳೆ. ಈಗ ಬಿಟ್ಟುಬಿಟ್ರೆ ಇನ್ನು ಸತ್ತರೂ ಅವಳು ಮಾಡಲ್ಲ. ಅವಳು ಮಾತಾಡೋ ತನಕ ನಾನು ಬಿಡಲ್ಲ."

ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಕಟ್ಟಿಹಾಕಿದ್ದಾಳೆ ಎಂದು ಊರೆಲ್ಲ ಸನ್ನೆಯಲ್ಲಿ ಸಾರಿದ್ದೆನಲ್ಲ, ಅವಳು ಬಾಗಿಲು ತೆರೆದಿಟ್ಟುಕೊಂಡು ಕಾದಿದ್ದಳು. ಮೂರು ದಿನ. ಪಾತ್ರೆ ಸುತ್ತುತ್ತ, ಮಂಚ ಬಿಚ್ಚಿಸುತ್ತ, ನನ್ನ ಮೆಷಿನ್ನಿನ ಸದ್ದನ್ನೂ ನಮ್ಮ ಯಜಮಾನರ ಉಪ್ಪಿಟ್ಟಿನ ಹೊಗಳಿಕೆಯನ್ನೂ ಕೇಳುತ್ತ ಕಾದಿದ್ದಳು. ಆ ನಗು ಬಹುಶಃ ಅದಕ್ಕೇ ಬಂದಿತ್ತು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಆಗಲಾದರೂ ಮಾತಾಡಬೇಕಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದೆ, ಚಂ ಎಂಬಲ್ಲಿಗೆ ದನಿ ನಿಂತಿತು. ಏಕೆಂದರೆ ಈಗ ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಾಗಿತ್ತಲ್ಲ. ಬರೀ ನಾನು ಎಂದರೆ ಸಾಲದು, ಆ ಮಾತನ್ನೇ ಹೇಳಬೇಕು, ಎಲ್ಲಿಂದ ಶುರು ಮಾಡುವುದು? ಮೊದಲು ನೀರು ಕುಡಿಯೋಣ ಎಂದು ಎದ್ದೆ. ಒಳಗೆ ಹೋಗಿ ಮುಖ ತೊಳೆದೆ. ತಿರುಗಿ ಬಂದು ಕಿವಿಗಿಟ್ಟರೆ ಆ ಕಡೆ ಬಟ್ಟೆಯೊಳಗೆ ಹೂತಿಟ್ಟ ಹಾಗೆ ಗುಂಯ್ ಎನ್ನುತ್ತಿತ್ತು. ಯಾವುದೋ ಚೀಲದಲ್ಲಿ ಫೋನು ಹಾಕಿಬಿಟ್ಟಿದ್ದರು. ಚಂಪಿ ಎಂದು ಕೂಗಿದೆ. ಎರಡು ಸಲ, ಮೂರು ಸಲ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಆ ಕಡೆ ಅದೇ ಗುಂಯ್. ಒಂದು ಮಾತಿಗೆ ಎರಡು ವರ್ಷ ಮತ್ತು ಮೂರು ದಿನ ತಗೊಂಡವಳಿಗೆ ಆಗಬೇಕಾದ್ದೇ. ಮಾಡಿದ್ದುಣ್ಣೋ ಮಹರಾಯ.

ಶುಕ್ರವಾರ ಒಂಬತ್ತಕ್ಕೆ ಬಸ್ಸು. ಎಂಟೂವರೆಗೆ ನಮ್ಮ ಯಜಮಾನರು ಗಿರಣಿ ನಿಲ್ಲಿಸಿ ಬಂದರು, ನಡಿ, ಬಸ್ ಸ್ಟ್ಯಾಂಡಿಗೆ ಹೋಗೋಣ ಎಂದರು. ಚಪ್ಪಲಿ ಮೆಟ್ಟಿದೆ, ಬಿಟ್ಟೆ. ಅಷ್ಟು ಜನರ ಮುಂದೆ ಆಡಿದ ಮಾತಿಗೆ ಅಷ್ಟು ಜನರ ಮುಂದೆಯೇ ಹೋಗಿ ನಿಲ್ಲಬೇಕಾದ್ದು ನ್ಯಾಯ. ಆದರೆ ಒಂಬತ್ತಾಗುವವರೆಗೂ ಹೊಸಿಲು ದಾಟಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನಿನ ಗುಂಯ್ ಸದ್ದು ಬದಲಾಯಿತು. ಚೀಲದಿಂದ ಹೊರಗೆ ತೆಗೆದಿದ್ದರು. ಜನರ ಗಲಾಟೆ, ಕಡಲೆಕಾಯಿ ಮಾರುವವನ ಕೂಗು, ಮುಂದೆ ಹೋಗಿ ಮುಂದೆ ಹೋಗಿ ಎನ್ನುವ ಕಂಡಕ್ಟರು. ಯಾರೋ ಉಸಿರು ಬಿಟ್ಟದ್ದು ಕಿವಿಗೆ ತಾಗಿದಂತಾಯಿತು. ಬಸ್ಸು ಗುರುಗುಟ್ಟಿತು. ಕಂಡಕ್ಟರು ಸೀಟಿ ಊದಿದ.

"ಚಂಪೀ," ಅಂದೆ.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ.

"ನಾನು ಹೊಲಿಗೆ ಕಲಿತದ್ದು ಯಾವ ಕ್ಲಾಸಲ್ಲೂ ಅಲ್ಲ. ನನ್ನ ಲಂಗ ನಿನಗೆ ದೊಡ್ಡದಾಗ್ತಿತ್ತು, ಅದರ ಸೊಂಟ ಬಿಗಿ ಹಿಡಿದು ಹೊಲಿದು ಹೊಲಿದು ಕಲಿತೆ. ನೀನು ಗಂಟೆಗಟ್ಟಲೆ ಅಲುಗಾಡದೆ ನಿಂತ್ಕೋತಿದ್ದೆ. ಸೂಜಿ ಚುಚ್ಚಿದ್ರೂ ಅಮ್ಮನಿಗೆ ಹೇಳ್ತಿರಲಿಲ್ಲ. ನೀನು ಹಳೇದು ಹಾಕ್ಕೊಂಡಿದ್ದಕ್ಕೇ ನಾನು ಇವತ್ತು ಟೈಲರ್ ಆಗಿರೋದು. ಅದನ್ನ ಬೀಗರ ಮುಂದೆ ಹಂಗಿಸೋ ಮಾತು ಮಾಡಿದೆ. ನನ್ನದು ತಪ್ಪು ಕಣೇ. ಅವತ್ತೇ ಹೇಳಬೇಕಿತ್ತು. ಪಾಯಸ ಬಡಿಸಿದ್ಯಲ್ಲ, ಆಗಲೇ ಹೇಳಬೇಕಿತ್ತು."

ಯಜಮಾನರು ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತಿದ್ದರು. ಬಸ್ಸು ಸೇತುವೆ ಮೇಲೆ ಹೋಗುತ್ತಿರುವುದು ಕೇಳಿತು, ಹಲಗೆಗಳ ದಡಬಡ. ಯಾರದೋ ಮಗು ಅಳುತ್ತಿತ್ತು. ಚಂಪಿ ಏನಾದರೂ ಹೇಳುತ್ತಾಳೆಂದು ಕಾದೆ, ಬೈದರೂ ಸರಿಯೇ ಎಂದು ಕಾದೆ. ಆಗ ಟಿಕ್ ಎಂದು ಸಣ್ಣ ಸದ್ದಾಯಿತು. ಬಸ್ಸು, ಮಗು, ಸೇತುವೆ ಎಲ್ಲ ಒಟ್ಟಿಗೇ ನಿಂತುಹೋದವು.

ಬಿಟ್ಟಿದ್ದಳು.

ಮೂರು ದಿನ ಅದಕ್ಕೇ ಹಂಬಲಿಸಿದ್ದವಳು ನಾನು. ಕೈಯಲ್ಲಿ ಫೋನು ಹಗುರವಾಗಿತ್ತು, ಯಾರಿಗೆ ಬೇಕಾದರೂ ಮಾಡಬಹುದಿತ್ತು. ನಾನು ಮಾತಾಡುವ ತನಕ ಬಿಡುವುದಿಲ್ಲವೆಂದು ತಾನೇ ಅವಳು ಹೇಳಿದ್ದು, ಮಾತಾಡಿದೆ, ಬಿಟ್ಟಳು. ಅಂದರೆ ಕೇಳಿಸಿಕೊಂಡಳು. ಇಷ್ಟು ಸಾಕು ಎಂದು ಯಜಮಾನರಿಗೆ ಹೇಳಿದೆ. ಹೇಳಿದ ಮೇಲೆ ಸಾಕಾಗಲಿಲ್ಲ. ಅವಳ ಬಾಯಿಂದ ಒಂದು ಹೂಂ ಕೂಡ ಬರಲಿಲ್ಲವಲ್ಲ. ತಿರುಗಿ ಮಾಡೋಣವೆಂದು ಬೆರಳು ಇಟ್ಟೆ. ಮತ್ತೆ ಮಾಡಿದರೆ ಎತ್ತುತ್ತಾಳೋ ಇಲ್ಲವೋ ಎಂದು ತೆಗೆದೆ.

ಆಗ ಅದು ರಿಂಗಾಯಿತು.

ಯಾರೆಂದು ತೋರಿಸುವುದಿಲ್ಲ ನಮ್ಮ ಫೋನು. ಜಲಜಾಕ್ಷಮ್ಮನಿರಬೇಕು ಎಂದುಕೊಂಡೇ ಎತ್ತಿದೆ. ಎಷ್ಟೋ ದಿನಗಳ ಮೇಲೆ ನನ್ನ ಫೋನಿನಲ್ಲಿ ಕೆಂಪು ಗುಂಡಿ ಮೂಡಿತು. ಆ ಕಡೆಯಿಂದ ಬಸ್ಸಿನ ಸದ್ದು, ಅದರ ನಡುವೆ ಅತ್ತು ಅತ್ತು ಮೂಗು ಕಟ್ಟಿದ ದನಿ.

"ಅಕ್ಕಾ, ಈ ಸಲ ನಾನೇ ಮಾಡಿದೀನಿ. ಬಿಡೋದು ಇನ್ನು ನಿನ್ನ ಕೈಲಿದೆ."

ಗುಂಡಿಗೆ ತಾಗಬಾರದೆಂದು ಹೆಬ್ಬೆರಳನ್ನು ದೂರ ಮಡಚಿ ಹಿಡಿದು, ಮೆಷಿನ್ನಿನ ಸ್ಟೂಲಿನ ಮೇಲೆ ಕೂತೆ. ಬಸ್ಸು ಕಲ್ಲುಕಣಿವೆ ಮುಟ್ಟುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಷ್ಟರೊಳಗೆ ಎರಡು ವರ್ಷದ ಮಾತೆಲ್ಲ ಆಗಬೇಕಿತ್ತು.

"ಬಿಡಲ್ಲ," ಅಂದೆ. "ಮೊದಲು ಹೇಳು, ಮಯೂರಿ ಹೇಗಿದಾಳೆ?"